ಕೆಂಪಾಗಬಾರದ ತಂತಿ

ಅರ್ನಾಲ್ಡ್ ಬ್ರಿಂಡ್ಲಿ ಜನ್ಮದಲ್ಲಿ ಒಂದು ಸಿಗರೇಟು ಸೇದಿದವನಲ್ಲ. ಆದರೂ ಎರಡು ಸಾವಿರದ ಹದಿನೈದನೆಯ ಇಸವಿಯಲ್ಲಿ ನನ್ನ ವೇಪ್, ಅಂದರೆ ಇ-ಸಿಗರೇಟಿನ, ಅಂಗಡಿಗೆ ಆತನಷ್ಟು ನಿಯತ್ತಿನಿಂದ ಬಂದ ಗಿರಾಕಿ ಮತ್ತೊಬ್ಬನಿಲ್ಲ. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಬಾಗಿಲು ತಳ್ಳಿಕೊಂಡು ಬರುತ್ತಿದ್ದ. ಟೋಪಿ ತೆಗೆದು ಕೌಂಟರಿನ ಮೇಲಿಡುತ್ತಿದ್ದ. ಅದರ ಪಕ್ಕಕ್ಕೆ ಕೆಮ್ಮಿನ ಮಾತ್ರೆಯ ಹಳೇ ತಗಡಿನ ಡಬ್ಬಿ. ಡಬ್ಬಿಯೊಳಗೆ ಹತ್ತಿ ಹಾಸಿ ಮಲಗಿಸಿದ, ಹೆಂಡತಿಗಾಗಿ ತಾನೇ ಸುತ್ತಿದ ನಿಕಲ್ ತಂತಿಯ ಸುರುಳಿಗಳು.

"ಏನ್ ಡಕ್, ಇವುನ್ನ ಸ್ವಲ್ಪ ನೋಡ್ತೀಯಾ?" ಎನ್ನುತ್ತಿದ್ದ. ಪ್ರಧಾನಿ ಬಂದರೂ ಡಕ್ ಎಂದೇ ಮಾತಾಡಿಸುವ ಊರು ಇಂಗ್ಲೆಂಡಿನ ನಮ್ಮ ಸ್ಟೋಕ್. ನನ್ನ ಹೆಸರು ಲಿನೆಟ್ ಎಂಬುದು ಆತನಿಗೆ ನೆನಪಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹದಿನೈದನೆಯ ವಯಸ್ಸಿಗೆ ಪಿಂಗಾಣಿ ಕಾರ್ಖಾನೆ ಸೇರಿದವನು ನಲವತ್ತೊಂದು ವರ್ಷ ಭಟ್ಟಿಯ ಮುಂದೆ ನಿಂತ. ನಮ್ಮಪ್ಪ ಆತನ ಕೈಕೆಳಗೆ ದುಡಿದವರು. ಭಟ್ಟಿಯ ಗೋಡೆಯಲ್ಲಿದ್ದ ಸಣ್ಣ ಕಿಂಡಿಗೆ ಕಣ್ಣಿಟ್ಟು, ಒಳಗಿನ ಕೆಂಪು ಎಂಥ ಕೆಂಪು ಎಂದು ನೋಡಿ ಆತ ಶಾಖ ಹೇಳುತ್ತಿದ್ದನಂತೆ. ಮೀಟರು ಬಂದ ಮೇಲೂ ಮೇಸ್ತ್ರಿಗಳು ಮೊದಲು ಬ್ರಿಂಡ್ಲಿಯನ್ನು ಕೇಳಿ, ಆಮೇಲೆ ಮೀಟರು ನೋಡುತ್ತಿದ್ದರಂತೆ. ಆ ಕಾರ್ಖಾನೆಯ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.

ಆತನ ಹೆಂಡತಿ ಐವಿ ಅದೇ ಕಾರ್ಖಾನೆಯಲ್ಲಿ ಬಟ್ಟಲಿನ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಿದ್ದವಳು. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯಬೇಕು, ಮುಗಿದ ಮೇಲೆ ಒಂದು ಸಿಗರೇಟು. ಹಾಗೆ ಶುರುವಾದದ್ದು ಐವತ್ತು ವರ್ಷ ನಡೆಯಿತು. ನಾನು ಕಂಡಾಗ ಆಕೆಯ ಶ್ವಾಸಕೋಶ ಹರಿದ ತಿದಿಯಾಗಿತ್ತು. ಮೆಟ್ಟಿಲು ಹತ್ತಲಾರದೆ ಮಂಚ ಕೆಳಗಿನ ಕೋಣೆಗೆ ಬಂದಿತ್ತು. ಸಿಗರೇಟು ಬಿಟ್ಟರೆ ಇನ್ನೂ ಕೆಲವು ಚಳಿಗಾಲ ಕಾಣಬಹುದು, ಬಿಡದಿದ್ದರೆ ಈ ಚಳಿಗಾಲದ ಮಾತೂ ಕೊಡಲಾರೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅರ್ನಾಲ್ಡ್ ನನ್ನ ಅಂಗಡಿಗೆ ಬಂದದ್ದು ಆ ಕೆಲವು ಚಳಿಗಾಲ ಕೇಳಿಕೊಂಡು.

ವೇಪಿನೊಳಗೆ ನಿಕೋಟಿನ್ ರಸ ಹೀರಿದ ಹತ್ತಿಯನ್ನು ತಂತಿಯ ಸುರುಳಿ ಕಾಯಿಸುತ್ತದೆ, ಏಳುವ ಹಬೆಯನ್ನು ಸೇದಬೇಕು. ಸಾಮಾನ್ಯ ವೇಪ್ ಆಕೆಗೆ ಹಿಡಿಸಲಿಲ್ಲ. ಆಕೆ ಎಳೆಯುವ ದಮ್ಮು ಗಿಡ್ಡ. ರಸ ಬಂದು ಸೇರುವಷ್ಟರಲ್ಲಿ ಹತ್ತಿ ಸುಟ್ಟು ಬಾಯೆಲ್ಲ ಕರಕಲು. ಒಂದು ಸಲ ಕರಕಲು ಸಿಕ್ಕರೆ ಸಾಕು, ಅದನ್ನು ಬಿಸುಟು ಹಿತ್ತಲ ಬಾಗಿಲಲ್ಲಿ ನಿಂತು ಸಿಗರೇಟು ಹಚ್ಚುತ್ತಿದ್ದಳು. ಅದಕ್ಕೇ ನಾನು ಶಾಖ ಹಿಡಿದಿಡುವ ಹೊಸ ಯಂತ್ರವನ್ನೂ ನಿಕಲ್ ತಂತಿಯನ್ನೂ ತೆಗೆದುಕೊಟ್ಟೆ.

"ಶಾಖ ಹೆಂಗೆ ಅಳೆಯುತ್ತೆ ಇದು? ಒಳಗೆ ಏನಾದ್ರೂ ಕಡ್ಡಿ ಗಿಡ್ಡಿ ಇಟ್ಟಿದಾರಾ?"

"ತಂತಿನೇ ಅಳತೆ. ನಿಕಲ್ ಬಿಸಿಯಾದಷ್ಟೂ ಅದ್ರಲ್ಲಿ ಕರೆಂಟ್ ಹರಿಯೋದು ಕಷ್ಟ ಆಗುತ್ತೆ. ತಣ್ಣಗಿದ್ದಾಗ ಎಷ್ಟಿತ್ತು ಅಂತ ಯಂತ್ರ ನೆನಪಿಟ್ಕೊಂಡು, ಎಷ್ಟು ಏರ್ತು ಅಂತ ನೋಡುತ್ತೆ. ಇನ್ನೂರಹತ್ತು ಡಿಗ್ರಿ ಆದ್ರೆ ತಾನೇ ತಡೆಯುತ್ತೆ. ಹತ್ತಿ ಸುಡಲ್ಲ."

ಆತನ ಮುಖ ಅರಳಿತು. "ನಮ್ಮ ಮಣ್ಣಿನ ಉಂಗುರ! ಭಟ್ಟಿಯೊಳಗೆ ಇಟ್ಟು, ಕೊಕ್ಕೆಲಿ ಎಳೆದು, ಎಷ್ಟು ಕುಗ್ಗಿದೆ ಅಂತ ಅಳೀತಿದ್ವಲ್ಲ, ಅದೇ ಸಂಗತಿ!"

"ಅದೇ. ಆದ್ರೆ ಸುರುಳಿ ಪೂರ್ತಿ ತಣ್ಣಗಾದ ಮೇಲೇ ಜೋಡಿಸ್ಬೇಕು ಅರ್ನಾಲ್ಡ್. ಜೋಡಿಸಿದ ತಕ್ಷಣ ಯಂತ್ರ ಹೊಸದಾ, ಹಳೇದಾ ಅಂತ ಕೇಳುತ್ತೆ. ಬಿಸಿ ಇದ್ದಾಗ ಹೊಸದು ಅಂದ್ರೋ, ಆ ಬಿಸಿನೇ ತಂಪು ಅಂದ್ಕೊಳ್ಳುತ್ತೆ. ಆಮೇಲೆ ಪರದೆ ಮೇಲೆ ಇನ್ನೂರಹತ್ತು, ಒಳಗೆ ದೇವರೇ ಗತಿ."

ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ ಸುತ್ತಬೇಕು, ತಂತಿ ಮೆತ್ತಗಿರುವುದರಿಂದ ತಿರುಪು ಸಡಿಲವಾಗದಂತೆ ಆಗಾಗ ನೋಡಿಕೊಳ್ಳಬೇಕು ಎಂದೆ. ಅಗ್ಗದ ಓಲೆ ಹಾಕಿದರೆ ಐವಿಗೆ ಕಿವಿ ತುರಿಸುತ್ತದೆಯೇ ಎಂದೂ ಕೇಳಿದೆ. ನಿಕಲ್ ಆಗದವರಿಗೆ ಈ ತಂತಿ ಕೂಡದು. "ಅವಳು ಸಂತೆ ಓಲೆ ಬಿಟ್ಟು ಬೇರೆ ಹಾಕಿದ್ದೇ ಇಲ್ಲ. ನಾನೇ ತಂದ್ಕೊಟ್ಟಿಲ್ಲ" ಎಂದು ನಕ್ಕ. ಎಲ್ಲ ಹೇಳಿದೆ. ಒಂದನ್ನು ಬಿಟ್ಟು.

ಅದೇ ಹೊತ್ತಿಗೆ ಕೌಂಟರಿನ ಆ ತುದಿಯಲ್ಲಿ ಕೀತ್ ಕೂತಿದ್ದ. ಇವನು ಕೆಲಸವಿಲ್ಲದಾಗ ನನ್ನಂಗಡಿಯ ಸ್ಟೂಲು ಸವೆಸುವ ಮನುಷ್ಯ. ಅವನದು ಹಳೇ ಮಾದರಿಯ ಗಟ್ಟಿ ತಂತಿ. ಅದನ್ನು ಕೆಂಪಗೆ ಕಾಯಿಸಿ, ಎಲ್ಲ ಸುತ್ತೂ ಒಂದೇ ಸಮ ಹೊಳೆಯುತ್ತದೆಯೇ ಎಂದು ನೋಡುವುದು ವಾಡಿಕೆ. ಆ ತಂತಿಗೆ ಅದರಿಂದ ತೊಂದರೆಯಿಲ್ಲ.

"ಬಾ ಯಜಮಾನಾ, ಇಲ್ಲೇ ಭಟ್ಟಿ ಹಚ್ಚಿದೀನಿ" ಎಂದು ಕೀತ್ ಕಿಚಾಯಿಸಿದ.

ಅರ್ನಾಲ್ಡ್ ಬಗ್ಗಿ ನೋಡಿದ. "ಮಧ್ಯ ಕಿತ್ತಳೆ, ಎರಡೂ ಅಂಚು ಇನ್ನೂ ಚೆರ್ರಿ ಕೆಂಪು. ಎಡಗಡೆ ಎರಡನೇ ಸುತ್ತು ಸ್ವಲ್ಪ ಅದುಮು." ಕೀತ್ ಅದುಮಿದ. ಇಡೀ ಸುರುಳಿ ಒಂದೇ ಬಣ್ಣಕ್ಕೆ ಬಂತು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹದಿನೈದು ವರ್ಷದಿಂದ ಯಾರೂ ಬ್ರಿಂಡ್ಲಿಯ ಕಣ್ಣನ್ನು ಕೇಳಿರಲಿಲ್ಲ.

ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ನಿಕಲ್ ಎಂದೂ ಕೆಂಪಾಗಬಾರದು, ಕೆಂಪಾಯಿತೆಂದರೆ ತಂತಿ ಕೆಟ್ಟಿತು, ಅದರಿಂದ ಬರುವುದು ಎದೆಗೆ ಹೋಗಬಾರದು ಎಂದು ಎರಡು ಮಾತು ಆಡಿದ್ದರೆ ಸಾಕಿತ್ತು. ಪಾರ್ಸೆಲ್ಲಿನವನು ಬಂದ, ಸಹಿ ಹಾಕಲು ತಿರುಗಿದೆ, ಮರೆತೆ. ಬಾಯಿಬಡುಕಿ ಎಂದು ಹೆಸರಾದವಳು ಬೇಕಾದ ದಿನ ಬಾಯಿ ಮುಚ್ಚಿಕೊಂಡೆ.

ನಾಲ್ಕನೆಯ ಗುರುವಾರ ಅರ್ನಾಲ್ಡ್ ಯಂತ್ರವನ್ನೇ ತಂದ. "ಒಳ್ಳೇ ಮಾಲು ಕೊಟ್ಟಿದೀಯಾ ಡಕ್. ಒಂದ್ಸಲ ಚಾರ್ಜ್ ಮಾಡಿದ್ರೆ ಎರಡು ವಾರ ಬರುತ್ತೆ."

ದಿನಾ ಸೇದುತ್ತಿದ್ದರೆ ಎರಡು ವಾರ ಬರಲು ಸಾಧ್ಯವೇ ಇಲ್ಲ. ಗುಂಡಿ ಒತ್ತಿ ಎಷ್ಟು ಸಲ ಎಳೆದರು ಎಂಬ ಲೆಕ್ಕ ಯಂತ್ರದಲ್ಲೇ ಇರುತ್ತದೆ, ತೆಗೆದು ನೋಡಿದೆ. ಮೂರು ವಾರಕ್ಕೆ ಮೂವತ್ತೊಂದು. ರಸದ ಟ್ಯಾಂಕು ಬಿಚ್ಚಿದೆ. ಬೆಳ್ಳಿಯಂತಿರಬೇಕಾದ ತಂತಿ ಮಂಕಾಗಿ ನೀಲಿಗಟ್ಟಿತ್ತು.

"ಏನ್ ಮಾಡಿದ್ರಿ ಇದನ್ನ?"

"ಬೇಯಿಸ್ದೆ" ಎಂದ ಹೆಮ್ಮೆಯಿಂದ. "ಶಾಖದ ತಡೆ ತೆಗೆದು, ಬರೀ ಪವರ್ ಮೇಲಿಟ್ಟು. ಒಂದೊಂದು ಸುತ್ತೂ ಒಂದೇ ಚೆರ್ರಿ. ಕೀತ್‌ನದಕ್ಕಿಂತ ಚೆನ್ನಾಗಿ."

ಹೇಳಬೇಕಾಯಿತು. ಹೇಳುತ್ತಿದ್ದಂತೆ ಆತನ ಕೈ ಟೋಪಿಯನ್ನು ಮುದುಡತೊಡಗಿತು. "ಅವಳು ಕೆಮ್ಮಿದ್ಲು. ಸಿಗರೇಟು ಬಿಟ್ಟ ಕೆಮ್ಮು ಅಂದ್ಕೊಂಡೆ. ಚೆನ್ನಾಗಿದೆ ಅರ್ನೀ ಅಂದ್ಲು. ಪ್ರತಿ ಸಲಾನೂ ಚೆನ್ನಾಗಿದೆ ಅರ್ನೀ ಅಂದ್ಲು." ಆಮೇಲೆ ಯಂತ್ರದ ಕಡೆ ನೋಡಿ ಕೇಳಿದ, "ಇದನ್ನ ಎಳೀಲಿಲ್ಲ ಅಂದ್ರೆ, ಇಷ್ಟು ದಿನ ಅವಳು ಏನು..."

ಉತ್ತರ ಇಬ್ಬರಿಗೂ ಗೊತ್ತಿತ್ತು. ಅಂಗಡಿಯನ್ನು ಕೀತ್‌ಗೆ ಒಪ್ಪಿಸಿ ಆತನ ಜೊತೆ ಮನೆಗೆ ಹೋದೆ. ತಪ್ಪು ನನ್ನದು, ಅದನ್ನು ಐವಿಯ ಮುಖ ನೋಡಿಯೇ ಹೇಳಬೇಕಿತ್ತು.

ಐವಿ ದಿಂಬಿಗೆ ಒರಗಿ ಕೇಳಿಸಿಕೊಂಡಳು. ನಡುನಡುವೆ ಉಸಿರು ಕೂಡಿಸಿಕೊಂಡು ಮಾತಾಡಿದಳು. "ಹೂಂ, ಸಿಗರೇಟು ಸೇದ್ದೆ. ಹಿತ್ತಲಲ್ಲಿ. ಇವನು ಮಾಡಿದ್ದು ತುಕ್ಕು ನೆಕ್ಕಿದಂಗಿತ್ತು. ಆದ್ರೆ ಕಿಟಕಿ ಹತ್ರ ಕೂತು ಆ ತಂತಿ ನೋಡ್ತಾ ಇರ್ತಿದ್ನಲ್ಲ, ಆ ಮುಖ ನೀನು ನೋಡಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಆ ಮುಖ ನಾನೂ ನೋಡಿರ್ಲಿಲ್ಲ. ಹೆಂಗೆ ಹೇಳ್ಲಿ?"

"ನೀನು ಹೇಳ್ಬೇಕಿತ್ತು ಕಣೇ" ಎಂದ ಅರ್ನಾಲ್ಡ್.

"ನೀನು ರುಚಿ ನೋಡ್ಬೇಕಿತ್ತು ಮುದುಕಾ" ಎಂದಳು.

ಆ ದಿನದಿಂದ ಆತ ತಂತಿಯನ್ನು ಕೆಂಪಗೆ ಮಾಡಲಿಲ್ಲ. ಸಣ್ಣ ತಿರುಪುಳಿಯ ಕಡ್ಡಿಗೆ ಬಿಡಿಬಿಡಿಯಾಗಿ ಸುತ್ತಿ, ಒಂದು ಲೋಟ ಚಹಾ ಮುಗಿಯುವ ತನಕ ತಣಿಯಲು ಬಿಟ್ಟು, ಜೋಡಿಸಿ, ಆಮೇಲೆ ಹೊಸದು ಎಂದು ಒತ್ತುತ್ತಿದ್ದ. ಕಾಣದ ಶಾಖವನ್ನು ನಂಬಲು ಆತ ಪಟ್ಟ ಪಾಡು ನನಗೆ ಗೊತ್ತು. ಕೈಗಳು ಸುಮ್ಮನಿರದೆ ಗುರುವಾರಕ್ಕೆ ಏಳೆಂಟು ಸುರುಳಿ ಸುತ್ತಿ ತರುತ್ತಿದ್ದ, ಬೇಕಾದದ್ದು ಒಂದು.

ಜೂನ್ ತಿಂಗಳಲ್ಲಿ ಐವಿ ಸಿಗರೇಟು ಬಿಟ್ಟಳು, ಈ ಸಲ ನಿಜವಾಗಿ. ದಿನಕ್ಕೆ ಅರವತ್ತು, ಎಪ್ಪತ್ತು ಸಲ ಎಳೆಯುತ್ತಿದ್ದಳು. ಅರ್ನಾಲ್ಡ್ ದಿನಾ ಸಂಜೆ ಲೆಕ್ಕ ಓದಿ, ಅಳಿಸಿ, ಮರುದಿನಕ್ಕೆ ಸೊನ್ನೆ ಮಾಡುತ್ತಿದ್ದ. ಗುರುವಾರ ನನಗೆ ವರದಿ ಒಪ್ಪಿಸುತ್ತಿದ್ದ. ಸೆಪ್ಟೆಂಬರಿನಲ್ಲಿ ಇಬ್ಬರೂ ಬಸ್ಸು ಹತ್ತಿ ಮಾರುಕಟ್ಟೆಗೆ ಬಂದರು. ಆಕೆ ನಿಂತೇ ಚೀಸು, ಬೇಕನ್ ಮಾಂಸ ತುಂಬಿದ, ದೋಸೆಯಂಥ ಓಟ್‌ಕೇಕ್ ತಿಂದಳು. ಅದನ್ನು ನೋಡಿ ನನಗೆ ಅಳು ಬಂತು, ನನ್ನ ಓಟ್‌ಕೇಕಿಗೆ ಸವರಿದ ಸಾಸಿವೆ ಖಾರ ಎಂದು ಸುಳ್ಳು ಹೇಳಿದೆ.

ನವೆಂಬರಿನಲ್ಲಿ ನ್ಯುಮೋನಿಯ ಬಂತು. ಆಮೇಲೆ ಆಕೆ ಮಂಚ ಬಿಟ್ಟು ಏಳಲಿಲ್ಲ. ಆದರೂ ಜನವರಿಯ ಗುರುವಾರಗಳಲ್ಲಿ ಅರ್ನಾಲ್ಡ್ ಹೇಳುತ್ತಿದ್ದ, "ನಲವತ್ತು. ನಿನ್ನೆನೂ ನಲವತ್ತು. ದಮ್ಮಿದೆ ಅವಳಿಗೆ." ನಾನು ನಂಬಿದೆ, ಯಂತ್ರ ಸುಳ್ಳು ಹೇಳುವುದಿಲ್ಲವಲ್ಲ. ಫೆಬ್ರವರಿಯ ಎರಡನೆಯ ಮಂಗಳವಾರ ಮಧ್ಯಾಹ್ನ ಐವಿ ತೀರಿಕೊಂಡಳು.

ಮಣ್ಣಾದ ಮುಂದಿನ ಗುರುವಾರ, ಹತ್ತೂವರೆಗೆ ಬಾಗಿಲು ತೆರೆಯಿತು. ಟೋಪಿ ಕೌಂಟರಿನ ಮೇಲೆ ಬಂತು. ಡಬ್ಬಿ ಇರಲಿಲ್ಲ, ಯಂತ್ರವಿತ್ತು. ಕೀತ್ ಎದ್ದು ಚಹಾ ಮಾಡಲು ಹೋದ. ಟ್ಯಾಂಕಿನಲ್ಲಿ ರಸ ಅಂಚಿನವರೆಗೂ ಇತ್ತು. ಯಂತ್ರವನ್ನು ಕೈಗೆತ್ತಿಕೊಂಡೆ. ಅಭ್ಯಾಸದಂತೆ ಹೆಬ್ಬೆರಳು ತಂತಿ ಕಾಯಿಸುವ ದೊಡ್ಡ ಗುಂಡಿಯ ಮೇಲೆ ಹೋಯಿತು.

ಅರ್ನಾಲ್ಡ್ ನನ್ನ ಮಣಿಕಟ್ಟು ಹಿಡಿದುಬಿಟ್ಟ. "ಒತ್ಬೇಡ! ಹನ್ನೆರಡಾಗಿ ಹೋಗುತ್ತೆ."

ಪಕ್ಕದ ಸಣ್ಣ ಗುಂಡಿ ಒತ್ತಿ ಪರದೆ ಬೆಳಗಿಸಿದೆ. ಹನ್ನೊಂದು ಎಂದಿತ್ತು.

"ಮಂಗಳವಾರ ಬೆಳಿಗ್ಗೆದು" ಎಂದ. "ಅವಳು ಎಳೆದದ್ದಲ್ಲ. ಕ್ರಿಸ್‌ಮಸ್ ಆದ ಮೇಲೆ ಅವಳಿಗೆ ಎಳೆಯೋಕೆ ಉಸಿರೇ ಇರ್ಲಿಲ್ಲ ಡಕ್. ಕಂಬಳಿ ಕೆಳಗೆ ಇಟ್ಕೊಂಡು ಸುಮ್ಮನೆ ಗುಂಡಿ ಒತ್ತೋಳು. ಬಿಸಿ ಏರಿದ್ರೆ ಯಂತ್ರ ತಾನೇ ತಡೆಯುತ್ತಲ್ಲ, ಹತ್ತಿ ಸುಡ್ತಿರ್ಲಿಲ್ಲ, ವಾಸ್ನೆ ಬರ್ತಿರ್ಲಿಲ್ಲ. ಸಂಜೆ ನಾನು ನಲವತ್ತು ಅಂತ ಓದಿದ್ರೆ, ನೋಡಿದ್ಯಾ ಅರ್ನೀ, ಇನ್ನೂ ದಮ್ಮಿದೆ ಅನ್ನೋಳು."

"ನಿಮಗೆ ಹೆಂಗೆ ಗೊತ್ತಾಯ್ತು?"

"ಭಟ್ಟಿಯವನು ಒಂದೇ ಗುರುತು ನಂಬಲ್ಲ. ಟ್ಯಾಂಕಿನ ರಸ ಇಳೀತಿರ್ಲಿಲ್ಲ. ಒಂದಿನ ಅಡುಗೆಮನೆ ಬಾಗಿಲಿಂದ ನೋಡ್ದೆ, ಕಂಬಳಿ ಅಂಚಿಂದ ಎಳೆಯಷ್ಟು ಹಬೆ ಏಳ್ತಾ ಇತ್ತು."

"ಹೇಳ್ಲಿಲ್ವಾ ಅವರಿಗೆ?"

ಆತ ಇಲ್ಲವೆಂದು ತಲೆಯಾಡಿಸಿದ. "ದಿನಾ ಬೆಳಿಗ್ಗೆ ಅಡುಗೆಮನೆಲಿ ಟ್ಯಾಂಕ್ ಬಿಚ್ಚಿ ರಸ ಎಲ್ಲ ಸಿಂಕಿಗೆ ಚೆಲ್ತಿದ್ದೆ. ಆಮೇಲೆ ಅವಳ ಮುಂದೆ ಕೂತು ತುಂಬಿಸ್ತಿದ್ದೆ. ಎಷ್ಟು ಎಳೀತೀಯಾ ಮುದುಕಿ, ಸಾಕಾಗಲ್ಲ ನಿಂಗೆ ಅಂತ ಬೈತಿದ್ದೆ. ನಗೋಳು. ನಗೋಕೂ ಉಸಿರು ಬೇಕಲ್ವಾ, ಆದ್ರೂ ನಗೋಳು."

ಕೀತ್ ಚಹಾ ತಂದಿಟ್ಟು ಬೆನ್ನು ತಿರುಗಿಸಿ ನಿಂತ. ನಾನಂತೂ ಅತ್ತೆ, ಈ ಸಲ ಸಾಸಿವೆಯ ನೆಪ ಇರಲಿಲ್ಲ.

"ಚಾರ್ಜ್ ಮುಗಿದ್ರೆ ಈ ಹನ್ನೊಂದು ಹೋಗುತ್ತಾ?" ಎಂದು ಕೇಳಿದ. ಆತ ಬಂದದ್ದು ಅದನ್ನು ಕೇಳಲು.

ನನಗೆ ಗೊತ್ತಿರಲಿಲ್ಲ. "ಹೋಗಲ್ಲ, ನಾನು ಚಾರ್ಜ್ ಇಳಿಯೋಕೆ ಬಿಡಲ್ಲ" ಎಂದೆ.

ಈಗಲೂ ಗುರುವಾರ ಹತ್ತೂವರೆಗೆ ಬರುತ್ತಾನೆ. ನಾನು ಯಂತ್ರಕ್ಕೆ ಚಾರ್ಜ್ ಹಾಕುತ್ತೇನೆ, ಆತ ಚಹಾ ಕುಡಿಯುತ್ತಾನೆ. ಹೊರಡುವ ಮುನ್ನ ಸಣ್ಣ ಗುಂಡಿ ಒತ್ತಿ ತೋರಿಸುತ್ತೇನೆ. ಹನ್ನೊಂದು ಇದೆಯೆಂದು ನೋಡಿ, ಟೋಪಿ ಹಾಕಿಕೊಂಡು ಮನೆಗೆ ಹೋಗುತ್ತಾನೆ.