ಸ್ವಾವಾ ಬಾಗಿಲು ತೆರೆದಿಟ್ಟ ದಿನ

ಈಜುಕೊಳಕ್ಕೆ ಬರುವವರಿಗೆಲ್ಲ ಸ್ವಾವಾ ಎಂದರೆ ಸ್ವಲ್ಪ ಅಳುಕು. ಹೆಂಗಸರ ಸ್ನಾನದ ಕೋಣೆಯ ಉಸ್ತುವಾರಿ ಅವಳದು. ಸೋಪು ಹಚ್ಚಿ ಮೈ ತೊಳೆಯದೆ ಯಾರೂ ನೀರಿಗಿಳಿಯುವಂತಿಲ್ಲ ಎಂಬುದು ರೇಕ್ಯಾವಿಕ್‌ನ ಮಕ್ಕಳಿಗೂ ಗೊತ್ತು. ಆದರೂ ಕಣ್ಣು ತಪ್ಪಿಸಿ ನುಸುಳುವವರು ಇದ್ದೇ ಇರುತ್ತಾರೆ. ಅಂಥವರನ್ನು ಸ್ವಾವಾ ಕೊಳದ ಅಂಚಿಗೇ ಹೋಗಿ ಹಿಂದಕ್ಕೆ ಕರೆತರುತ್ತಿದ್ದಳು. ಒಮ್ಮೆ ಮಂತ್ರಿಯೊಬ್ಬರ ಹೆಂಡತಿಯನ್ನೂ ಹಾಗೆಯೇ ವಾಪಸು ಕಳಿಸಿದಳಂತೆ. ಹೊರಗೆ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಹರಟುವ ಮುದುಕರಿಗೆ ಅವಳೇ ತಮಾಷೆಯ ವಸ್ತು. "ಸ್ವರ್ಗದ ಬಾಗ್ಲಲ್ಲೂ ಇವಳನ್ನೇ ಕೂರಿಸ್ತಾರೆ ನೋಡಿ, ಕಿವಿ ಹಿಂದೆ ತೊಳ್ಕೊಂಡ್ರಾ ಅಂತ ಕೇಳೋಕೆ" ಎಂದು ಒಬ್ಬ ಹೇಳಿದರೆ ಉಳಿದವರು ನೀರು ಅಲುಗಾಡುವಂತೆ ನಗುತ್ತಿದ್ದರು. ಸ್ವಾವಾ ನಗುತ್ತಿರಲಿಲ್ಲ, ಸಿಟ್ಟೂ ಮಾಡಿಕೊಳ್ಳುತ್ತಿರಲಿಲ್ಲ. ಮಾತು ಎಂದರೆ ಮಾತು, ನಿಯಮ ಎಂದರೆ ನಿಯಮ ಎಂದು ನಂಬಿ ಅರವತ್ತರ ಹತ್ತಿರ ಬಂದವಳು ಅವಳು.

ಅಂಥವಳು ಆಗಸ್ಟ್ ತಿಂಗಳ ಕಲಾಹಬ್ಬಕ್ಕೆ ತನ್ನ ಮನೆಯನ್ನು ಊರಿಗೆಲ್ಲ ತೆರೆದಿಡುತ್ತಾಳೆ ಎಂದಾಗ ಯಾರೂ ನಂಬಿರಲಿಲ್ಲ. ಆ ಶನಿವಾರ ಇಡೀ ನಗರ ಬೀದಿಗಿಳಿಯುತ್ತದೆ. ಬೆಳಿಗ್ಗೆ ಓಟದ ಸ್ಪರ್ಧೆ, ಆಮೇಲೆ ಮೂಲೆಮೂಲೆಯಲ್ಲೂ ಹಾಡು, ವಾದ್ಯ, ಕಿಟಕಿಯಲ್ಲಿ ನಿಂತು ಪದ್ಯ ಓದುವವರು, ಗ್ಯಾರೇಜಿನಲ್ಲಿ ಚಿತ್ರ ತೂಗುಹಾಕಿದವರು. ಮಧ್ಯಾಹ್ನ ತಿಂಗ್‌ಹೋಲ್ಟ್‌ನ ಹಳೆಯ ಓಣಿಗಳಲ್ಲಿ ಕೆಲವು ಮನೆಯವರು ವಾಫಲ್ ಸುಟ್ಟು, ಕಾಫಿ ಕಾಯಿಸಿ, ದಾರಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆಯುತ್ತಾರೆ. ಯಾರು ಬೇಕಾದರೂ ಬರಬಹುದು. ಶೂ ಕಳಚಿಟ್ಟು ಬಂದವನನ್ನು ನೀನು ಯಾರು, ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಅಂಥದೇ ಓಣಿಯಲ್ಲಿ ಸ್ವಾವಾ ಇದ್ದ ತಗಡು ಹೊದಿಸಿದ ಮನೆ ಅವಳ ಅಮ್ಮನದು, ವಾಫಲ್ ಅಚ್ಚೂ ಅಮ್ಮನದೇ. ಅದು ತುಕ್ಕು ಹಿಡಿಯಬಾರದೆಂದು ಬಾಗಿಲು ತೆರೆಯುತ್ತೇನೆ ಎಂದು ಅವಳು ಕೇಳಿದವರಿಗೆ ಹೇಳುತ್ತಿದ್ದಳು. ನಿಜವಾದ ಕಾರಣ ಪಕ್ಕದ ಮನೆಯ ಓಡ್ನಿಗೆ ಮಾತ್ರ ಗೊತ್ತಿತ್ತು.

ಕಾರಣ ಅವಳ ತಮ್ಮ ಎಗಿಲ್.

ಎಗಿಲ್ ಅವಳಿಗಿಂತ ತುಂಬ ಚಿಕ್ಕವನು. ಅಮ್ಮ ಮೀನಿನ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ಅವನಿಗೆ ಉಣ್ಣಿಸಿ, ಮಲಗಿಸಿ, ಶಾಲೆಗೆ ಕಳಿಸಿದವಳು ಸ್ವಾವಾಳೇ. ದೊಡ್ಡವನಾದ ಮೇಲೆ ಅವನು ಅಪ್ಪನಂತೆ ಮೀನು ಹಿಡಿಯುವ ಟ್ರಾಲರ್ ಹಡಗು ಹತ್ತಿದ. ಹೋದರೆ ತಿಂಗಳುಗಟ್ಟಲೆ ಕಡಲಿನಲ್ಲೇ. ಕಡಲಿಗೆ ಹೋದವರ ಮನೆಗಳಲ್ಲಿ ಒಂದು ರೂಢಿ ಇದೆ. ಹಡಗಿನಲ್ಲಿರುವವನಿಗೆ ಕೆಟ್ಟ ಸುದ್ದಿ ಮುಟ್ಟಿಸುವುದಿಲ್ಲ. ಮನಸ್ಸು ಕದಡಿದವನ ಕೈ ಹಗ್ಗ ಎಳೆಯುವಾಗ ತಪ್ಪೀತು ಎಂಬ ಭಯ. ಅಜ್ಜಿ ಸತ್ತದ್ದನ್ನೂ ಅಪ್ಪನಿಗೆ ಬಂದರಿನ ದಕ್ಕೆಯ ಮೇಲೆಯೇ ಹೇಳಿದ್ದರು. ಅಮ್ಮನಿಗೆ ಕಾಯಿಲೆ ಹೆಚ್ಚಾದಾಗ ಎಗಿಲ್ ಹಡಗಿನಲ್ಲಿದ್ದ. ಅವನಿಗೆ ತಿಳಿಸಬೇಡ ಎಂದು ಅಮ್ಮ ಮಾತು ತೆಗೆದುಕೊಂಡಳು. ಸ್ವಾವಾ ಮಾತು ಉಳಿಸಿಕೊಂಡಳು.

ಹಡಗು ಬಂದ ದಿನ ದಕ್ಕೆಯ ಮೇಲೆ ಅವಳೇ ನಿಂತು ಸುದ್ದಿ ಹೇಳಿದಳು. ಎಗಿಲ್ ಹೆಗಲ ಚೀಲವನ್ನು ಕೆಳಗಿಟ್ಟ. "ಅಮ್ಮನ ಸಾವನ್ನೂ ನೀನೊಬ್ಳೇ ಇಟ್ಕೊಂಡ್ಯಾ?" ಎಂದ. ಅವನು ಬರುವವರೆಗೆ ಕಾದಿಟ್ಟಿದ್ದ ಶವಪೆಟ್ಟಿಗೆಯನ್ನು ಹೊರುವಾಗ ಅವಳು ಒಂದು ಕಡೆಗಿದ್ದರೆ ಅವನು ಇನ್ನೊಂದು ಕಡೆಗೆ ನಿಂತ. ಅಲ್ಲಿಂದಾಚೆಗೆ ಮಾತಿಲ್ಲ. ಚಿಕ್ಕ ಊರು, ಅಂಗಡಿಯಲ್ಲಿ ಎದುರಾಗುತ್ತಿದ್ದರು. ಅವಳನ್ನು ಕಂಡರೆ ಅವನು ಬೇಡದ ಸಾಮಾನಿನ ಸಾಲಿಗೆ ತಿರುಗಿಬಿಡುತ್ತಿದ್ದ. ಕ್ರಿಸ್‌ಮಸ್ಸಿಗೆ ಅವನ ಮಕ್ಕಳಿಗೆ ಅವಳು ಹೆಣೆದು ಕಳಿಸಿದ ಸ್ವೆಟರುಗಳಿಗೆ ಅವನ ಹೆಂಡತಿ ಡಿಸಾಳಿಂದ ವಂದನೆ ಬರುತ್ತಿತ್ತು, ಅವನಿಂದ ಏನೂ ಇಲ್ಲ.

ಅವನು ಹಟದವನು, ಬಾಗಿಲು ತಟ್ಟುವವನಲ್ಲ ಎಂದು ಸ್ವಾವಾಳಿಗೆ ಗೊತ್ತು. ಕಲಾಹಬ್ಬದ ಮಧ್ಯಾಹ್ನ ಯಾರೂ ಬಾಗಿಲು ತಟ್ಟಬೇಕಾಗಿಲ್ಲ. ಸೋಲದೆ ಒಳಗೆ ಬರಲು ಅವನಿಗೆ ವರ್ಷದಲ್ಲಿ ಒಂದು ದಿನವಾದರೂ ಇರಲಿ ಎಂದು ಅವಳು ಪ್ರತಿವರ್ಷ ನಗರಸಭೆಗೆ ಹೆಸರು ಕೊಡುತ್ತಿದ್ದಳು. "ನಿನ್ನ ತಮ್ಮನಿಗೋಸ್ಕರ ಊರಿಗೆಲ್ಲ ವಾಫಲ್, ಕೆನೆ ತಿನ್ನಿಸ್ತಿದೀಯಲ್ಲೇ, ಅವನ ಪಾಲು ತಿಂದು ನಾನು ದಪ್ಪಗಾದೆ" ಎಂದು ಓಡ್ನಿ ರೇಗಿಸುತ್ತಿದ್ದಳು.

ಈ ವರ್ಷವೂ ಮಧ್ಯಾಹ್ನ ಬಾಗಿಲು ತೆರೆಯಿತು. ಎದುರು ಮನೆಯ ಮೆಟ್ಟಿಲ ಮೇಲೆ ಗಂಡಸರ ಗಾಯನ ತಂಡವೊಂದು ಹಾಡುತ್ತಿತ್ತು. ಕೊರಳಲ್ಲಿ ಓಟದ ಪದಕ ಹಾಕಿಕೊಂಡವರು, ತಳ್ಳುಗಾಡಿಯಲ್ಲಿ ಮಕ್ಕಳನ್ನು ತಂದವರು, ಮಾತು ಬಾರದ ಪರದೇಶದವರು, ಎಲ್ಲರೂ ಬಂದರು. ಓಡ್ನಿ ಕಾಫಿ ಬಗ್ಗಿಸುತ್ತಿದ್ದಳು. ಸ್ವಾವಾ ಏಲಕ್ಕಿ ಹಾಕಿದ ಹಿಟ್ಟನ್ನು ಅಚ್ಚಿಗೆ ಹುಯ್ದು, ಬೆಂದದ್ದರ ಮೇಲೆ ರೂಬಾರ್ಬ್ ಎಂಬ ಹುಳಿ ದಂಟಿನ ಜಾಮ್ ಸವರಿ, ಕೆನೆ ಹಾಕಿ ಕೊಡುತ್ತಿದ್ದಳು. ಒಮ್ಮೆ ತಲೆಯೆತ್ತಿದಾಗ ಹಜಾರದಲ್ಲಿ ಒಬ್ಬ ಗಂಡಸು ಬಗ್ಗಿ ಶೂ ಬಿಚ್ಚುತ್ತಿದ್ದ. ಮುಖ ಕಾಣುತ್ತಿರಲಿಲ್ಲ. ಆ ಕತ್ತಿನ ಹಿಂಭಾಗವನ್ನು ಅವಳು ಚಿಕ್ಕಂದಿನಲ್ಲಿ ಎಷ್ಟೋ ಸಲ ತೊಳೆದಿದ್ದಳು.

ಎಗಿಲ್ ಸರದಿಯಲ್ಲಿ ನಿಂತೇ ಬಂದ. ಅವಳು ಬೇರೆಯವರಿಗೆ ಕೊಟ್ಟಂತೆಯೇ ತಟ್ಟೆ ಕೊಟ್ಟಳು. ಜಾಸ್ತಿ ಕೆನೆ ಹಾಕಿದರೆ ಓಡಿಹೋದಾನು ಎಂದು ಅದನ್ನೂ ಹಾಕಲಿಲ್ಲ.

"ಡಿಸಾ ಹೋಗು ಅಂದ್ಲು" ಎಂದ ಅವನು, ತಟ್ಟೆ ನೋಡುತ್ತ. "ಸೋಪು ಹಚ್ಚಿ ತೊಳ್ಕೊಂಡೇ ಬಂದಿದೀನಿ."

ಸ್ವಾವಾ ನಕ್ಕುಬಿಟ್ಟಳು. ಅವಳು ಹಾಗೆ ನಕ್ಕದ್ದನ್ನು ಓಡ್ನಿ ಎಂದೂ ನೋಡಿರಲಿಲ್ಲ.

ತಿಂದು ಹೊರಡುತ್ತಾನೆ ಎಂದುಕೊಂಡರೆ ಅವನು ಹೊರಡಲಿಲ್ಲ. ಜನ ಹೆಚ್ಚಾದಾಗ ಅಂಗಿಯ ತೋಳು ಮಡಿಸಿ ಕೆನೆ ಕಡೆಯಲು ನಿಂತ. ಬಂದ ಮುದುಕಿಯೊಬ್ಬಳಿಗೆ ಅಡುಗೆಮನೆಯ ಬೆಂಚು ತೋರಿಸಿ, ಇದರ ಕೆಳಗೇ ನಾನು ಓದಬೇಕಾದ ಪುಸ್ತಕ ಬಚ್ಚಿಡುತ್ತಿದ್ದೆ, ಇವಳು ಹುಡುಕಿ ತೆಗೆಯುತ್ತಿದ್ದಳು ಎಂದು ಸ್ವಾವಾಳ ಕಡೆ ಕೈ ತೋರಿಸಿದ. ಅಚ್ಚಿನಿಂದ ಕಣ್ಣು ತೆಗೆಯದೆ ಸ್ವಾವಾ ಅದನ್ನೆಲ್ಲ ಕೇಳಿಸಿಕೊಂಡಳು. ಕೊನೆಯ ಅತಿಥಿಗಳು ಹೋದ ಮೇಲೆ, ಓಡ್ನಿ ಬೆಕ್ಕಿಗೆ ಹಾಲಿಡಬೇಕೆಂದು ತನ್ನ ಮನೆಗೆ ಹೋದಳು. ಅವಳ ಬೆಕ್ಕು ಸತ್ತು ಎಷ್ಟೋ ದಿನವಾಗಿತ್ತು.

ಅಕ್ಕ ತಮ್ಮ ಮೇಜಿನ ಎರಡು ಬದಿಗೆ ಕುಳಿತರು. ಎಗಿಲ್ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀನು ಹೇಳಿ ಕಳಿಸ್ಲಿಲ್ಲ. ಸರಿ, ಅಮ್ಮನೇ ಬೇಡ ಅಂದಿರ್ತಾಳೆ. ನಾನೂ ಡಿಸಾಗೆ ಅದನ್ನೇ ಹೇಳಿಟ್ಟಿದೀನಿ, ನಾನು ಕಡಲಲ್ಲಿದ್ದಾಗ ಏನಾದ್ರೂ ಆದ್ರೆ ಹೇಳ್ಬೇಡ ಅಂತ. ಆ ಸಿಟ್ಟನ್ನ ಬಿಟ್ಟುಬಿಟ್ಟೆ, ಅಕ್ಕಾ. ಆದ್ರೆ ಒಂದು ಕೇಳ್ಬೇಕು. ಕೊನೇಲಿ ಅಮ್ಮ ನನ್ನ ಕೇಳಿದ್ಲಾ?"

ಈ ಪ್ರಶ್ನೆಗೆ ಸ್ವಾವಾಳ ಬಳಿ ಉತ್ತರ ಸಿದ್ಧವಾಗಿತ್ತು. ಅಮ್ಮ ಔಷಧಿಯ ಮಂಪರಿನಲ್ಲೇ ಇದ್ದಳು, ಯಾರ ಹೆಸರನ್ನೂ ಹೇಳಲಿಲ್ಲ ಎಂದು. ಈಜುಕೊಳದಲ್ಲಿ ನೆಲ ಒರೆಸುತ್ತ ಆ ಮಾತನ್ನು ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದಳು. ಅದಿಷ್ಟು ಹೇಳಿದರೆ ಎಗಿಲ್ ಮನೆಗೆ ಬಂದಂತೆ. ಮುಂದಿನ ಭಾನುವಾರ ಮಕ್ಕಳನ್ನೂ ಕರೆದುಕೊಂಡು ಬಂದಾನು. ಅವಳು ಬಾಯಿ ತೆರೆದಳು. ಎದುರಿಗೆ ಕುಳಿತವನು ಬಟ್ಟಲು ಹಿಡಿದ ರೀತಿ ಅಮ್ಮನದೇ ಇತ್ತು.

"ಕೇಳಿದ್ಲು" ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಬೆಳಿಗ್ಗೆ ಅಮ್ಮ ಮಾತು ತೆಗೆದುಕೊಂಡದ್ದು. ಅದೇ ದಿನ ಸಂಜೆ ಕಣ್ಣು ತಿಳಿಯಾಗಿ, ಎಗಿಲ್‌ನನ್ನು ಕರಿ, ಅವನ ದನಿ ಕೇಳಬೇಕು ಎಂದದ್ದು. ಹಡಗಿಗೆ ಫೋನು ಹೋಗುತ್ತದೆ, ಕಿವಿಗೆ ಹಿಡಿದರೆ ಸಾಕು ಎಂದು ದಾದಿಯೂ ಹೇಳಿದ್ದು. ತಾನು ಮಾತ್ರ ಅಮ್ಮನ ಕೈ ಹಿಡಿದು, ಅವನು ಕಡಲಲ್ಲಿದ್ದಾನಮ್ಮ, ತಿಳಿಸಬೇಡ ಅಂತ ನೀನೇ ಬೆಳಿಗ್ಗೆ ಮಾತು ತಗೊಂಡಿದ್ದೀಯ ಎಂದದ್ದು.

"ಅದಕ್ಕೆ ಏನಂದ್ಲು?"

"'ಹೌದಾ, ನಾನು ಹಾಗಂದಿದ್ನಾ' ಅಂದ್ಲು. ಆಮೇಲೆ ಕೇಳ್ಲಿಲ್ಲ."

"ಫೋನ್ ಎಲ್ಲಿತ್ತು?"

"ನನ್ನ ಜೇಬಲ್ಲಿ."

ಹೊರಗೆ ಹಾಡು ಮುಗಿದು ಜನ ಚಪ್ಪಾಳೆ ತಟ್ಟಿದರು. ಎಗಿಲ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಸ್ವಾವಾಳಿಗೆ ಆಮೇಲೆ ಅನ್ನಿಸಿತು. ಅವನು ಎದ್ದು ತನ್ನ ಬಟ್ಟಲು, ತಟ್ಟೆ ತೊಳೆದು ಬೋರಲು ಹಾಕಿದ. ಹಜಾರದಲ್ಲಿ ಕುಳಿತು ಶೂ ಹಾಕಿಕೊಂಡ. ಉಂಡು ಏಳುವ ಅತಿಥಿಗಳೆಲ್ಲ ಹೇಳುವಂತೆ, "ಹೊಟ್ಟೆ ತುಂಬ್ತು, ಉಪಕಾರ ಆಯ್ತು" ಎಂದ. ಅದಕ್ಕೆ ಮನೆಯವರು ಹೇಳುವ ಮಾತು ಅವಳ ಬಾಯಿಂದ ತಾನಾಗಿಯೇ ಬಂತು. "ಒಳ್ಳೇದಾಗ್ಲಿ ನಿಂಗೆ."

ಅವನು ಓಣಿ ಇಳಿದು ಜನರ ನಡುವೆ ಹೋದ. ತಿರುಗಿ ನೋಡುವನೇನೋ ಎಂದು ಅವಳು ನಿಂತೇ ಇದ್ದಳು. ಅವನ ಬೂದು ಕೋಟು ಇತರರ ಕೋಟುಗಳಲ್ಲಿ ಬೆರೆತುಹೋಯಿತು.

ಓಡ್ನಿ ಬಂದಾಗ ಸ್ವಾವಾ ಅಚ್ಚಿಗೆ ಅಂಟಿದ ಹಿಟ್ಟನ್ನು ಕೆರೆಯುತ್ತಿದ್ದಳು. ಮತ್ತೆ ಬರ್ತಾನಾ ಎಂದು ಓಡ್ನಿ ಕೇಳಿದಳು. ಇಲ್ಲ ಎಂದು ಸ್ವಾವಾ ತಲೆಯಾಡಿಸಿ, ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಓಡ್ನಿ ಕುರ್ಚಿ ಎಳೆದು ಕುಳಿತಳು.

"ಒಂದು ಸುಳ್ಳು ಹೇಳೋಕೆ ಏನಾಗಿತ್ತೇ ನಿಂಗೆ? ಅಷ್ಟೂ ವರ್ಷ ಕಾದು?"

ಸ್ವಾವಾ ಕೈ ನಿಲ್ಲಿಸಲಿಲ್ಲ. "ಅಮ್ಮ ಅವನಿಗೆ ಅಂತ ಬಿಟ್ಟುಹೋಗಿದ್ದು ಆ ಮಾತೊಂದೇ ಕಣೇ. ಅದನ್ನೂ ನಾನೇ ಇಟ್ಕೊಳ್ಲಾ?"

ಓಡ್ನಿ ಎದ್ದು ಒಣಬಟ್ಟೆ ತೆಗೆದುಕೊಂಡು ತಟ್ಟೆಗಳನ್ನು ಒಂದೊಂದಾಗಿ ಒರೆಸಿಟ್ಟಳು. ಸ್ವಾವಾಳ ಅಳು ಆಗ ಬಂತು. ಅಳುತ್ತಲೇ ಅವಳು ಅಚ್ಚನ್ನು ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿದಳು.

ಮರುವರ್ಷ ಹಬ್ಬ ಹತ್ತಿರ ಬಂದಾಗ, ವಾಫಲ್ ಕೊಡುವ ಮನೆಗಳಲ್ಲಿ ಅವಳದೂ ಇರುತ್ತದೆಯೇ ಎಂದು ನಗರಸಭೆಯ ಹುಡುಗಿಯೊಬ್ಬಳು ಫೋನು ಮಾಡಿದಳು. ಬಹಳ ಹೊತ್ತು ನಿಂತರೆ ಮಂಡಿ ನೋಯುತ್ತದೆ, ಈ ಸಲ ಬೇಡ ಎಂದು ಸ್ವಾವಾ ಹೇಳಿದಳು. ಕುಳಿತು ಮಾಡಬಹುದಲ್ಲ, ಬೇಕಾದರೆ ಸಹಾಯಕ್ಕೆ ಯಾರನ್ನಾದರೂ ಕಳಿಸುತ್ತೇವೆ ಎಂದು ಹುಡುಗಿ ಒತ್ತಾಯಿಸಿದಳು. ಬೇಡಮ್ಮ, ಇನ್ನು ಬರುವವರು ಯಾರೂ ಇಲ್ಲ ಎಂದಳು ಸ್ವಾವಾ. ಆ ಹುಡುಗಿಗೆ ಅದು ಅರ್ಥವಾಗಲಿಲ್ಲ. ಹಬ್ಬದ ದಿನ ಊರಿನ ಅರ್ಧ ಜನ ಆ ಓಣಿಯಲ್ಲೇ ಓಡಾಡುತ್ತಾರಲ್ಲ ಎಂದು ಅವಳು ಹೇಳುತ್ತಲೇ ಇದ್ದಳು.