ತಮ್ಮನ ಬೆಸುಗೆ

ಹಳೆಯ ಆಟದ ಯಂತ್ರ ಇಟ್ಟುಕೊಂಡವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ರಬ್ಬರಕ್ಕ ಎಂದು. ಅವಳ ಮೇಜಿನ ಮೇಲೆ ಸದಾ ನಾಲ್ಕಾರು ಬಿಳಿ ರಬ್ಬರುಗಳು ಬಿದ್ದಿರುತ್ತಿದ್ದವು, ಶಾಲೆಯ ಮಕ್ಕಳು ಪೆನ್ಸಿಲ್ ಗೆರೆ ಅಳಿಸುವಂಥವು. ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಅವನ್ನು ಬಿಟ್ಟಿರಲಾರದ ಜನ ಆ ಊರಿನಲ್ಲಿದ್ದರು. ಪರದೆಯ ಮೇಲೆ ಗುದ್ದಾಡುವ ಪೈಲ್ವಾನನ ತಲೆ ಮಾಯವಾದರೆ, ಆಕಾಶದ ತುಂಬ ಹಸಿರು ಗೆರೆಗಳೆದ್ದರೆ, ಅವರು ಯಂತ್ರದೊಳಗಿನ ಕಾರ್ಟ್ರಿಜ್ ಕಿತ್ತು, ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಅಂಗಡಿಗೆ ಬರುತ್ತಿದ್ದರು.

ಆಟವನ್ನು ಒಳಗಿಟ್ಟುಕೊಂಡ, ಇಟ್ಟಿಗೆಯಷ್ಟು ದಪ್ಪದ ಪ್ಲಾಸ್ಟಿಕ್ ಡಬ್ಬಿ ಅದು. ಅವಳು ತಿರುಪು ಬಿಚ್ಚಿ, ಒಳಗಿನ ಬೋರ್ಡು ತೆಗೆದು, ಅದರ ಅಂಚಿನಲ್ಲಿ ಸಾಲಾಗಿರುವ ಚಿನ್ನದ ಬಣ್ಣದ ಪಟ್ಟಿಗಳನ್ನು ಮೊದಲು ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜುವಳು. ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸುವಳು. ಹತ್ತಿಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಬಿಡುತ್ತಿರಲಿಲ್ಲ. ಬಾಯಿಂದ ಊದಿ ಸರಿಮಾಡಲು ಹೋದವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಎಂಜಲು ಹಾರಿಸಿ ತುಕ್ಕು ಹಿಡಿಸಿ ಆಮೇಲೆ ನನ್ನ ಹತ್ತಿರ ಅಳುತ್ತ ಬರುತ್ತೀರಿ ಎಂದು ಬೈದೇ ಕೆಲಸಕ್ಕೆ ಕೈಹಾಕುತ್ತಿದ್ದಳು.

ಅಂಗಡಿಗೆ ಎರಡು ಕೋಣೆ. ಒಳಗೆ ಅವಳ ಮೇಜು, ಮುಂದಿನ ಕೌಂಟರಿನಲ್ಲಿ ತಮ್ಮ. ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅಮ್ಮ ತೀರಿಕೊಂಡ ಮೇಲೆ ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳೂ, ಕಾದ ಸೋಲ್ಡರಿಂಗ್ ಐರನ್ ಹಿಡಿದು ಬೆಸುಗೆ ಹಾಕುವುದನ್ನು ಕಲಿಸಿದವಳೂ ಅವಳೇ. ಆದರೆ ಕೂತು ಮಾಡುವ ಕೆಲಸ ಅವನಿಗೆ ಒಗ್ಗಲಿಲ್ಲ. ಮಾತು ಮಾತ್ರ ಅರಳು ಹುರಿದಂತೆ. ಹಾಗಾಗಿ ಗಿರಾಕಿಗಳು ಅವನ ಪಾಲಿಗೆ, ಕಾರ್ಟ್ರಿಜ್‌ಗಳು ಅವಳ ಪಾಲಿಗೆ. ಸರಿಮಾಡಿದ್ದನ್ನು ಅವಳು ಅರ್ಧ ಗಂಟೆ ಓಡಿಸಿ ನೋಡಿ ಅವನ ಕೈಗೆ ಕೊಡುವಳು. ಒಂದೆರಡು ದಿನದಲ್ಲಿ ಅವನು ಗಿರಾಕಿಗೆ ಮುಟ್ಟಿಸುವನು.

ಒಂದು ವರ್ಷದಿಂದ ಏನೋ ಎಡವಟ್ಟಾಗಿತ್ತು. ಅವಳು ಸರಿಮಾಡಿ ಕಳಿಸಿದ ಆಟ ವಾರದೊಳಗೆ ಮತ್ತೆ ಕೆಟ್ಟಿತೆಂದು ತಮ್ಮ ಒಂದು ದಿನ ಹೇಳಿದ. ಕೆಲವು ದಿನ ಕಳೆದು ಇನ್ನೊಬ್ಬರ ದೂರು. ವಾಪಸು ತಂದರೇ ಎಂದು ಕೇಳಿದರೆ, ಇಲ್ಲ, ಬೇಸರಪಟ್ಟು ಬೇರೆ ಕಡೆ ಹೋದರು ಎನ್ನುತ್ತಿದ್ದ. ದನಿ ತಗ್ಗಿಸಿ, ಅವಳ ಮುಖ ನೋಡದೆ ಹೇಳುತ್ತಿದ್ದ. ತನಗೆ ನೋವಾಗದಿರಲಿ ಎಂದು ಹಾಗೆ ಮಾಡುತ್ತಾನೆ ಅಂದುಕೊಂಡಳು. ವಯಸ್ಸು ಐವತ್ತು ದಾಟಿತ್ತು, ಕಣ್ಣು ಮಂಜಾಗಿರಬಹುದು. ಹೊಸ ಕನ್ನಡಕ ಮಾಡಿಸಿದಳು. ಒಂದು ಸಲ ಉಜ್ಜುವಲ್ಲಿ ಮೂರು ಸಲ ಉಜ್ಜಿದಳು. ದೂರು ನಿಲ್ಲಲಿಲ್ಲ. ಕೊನೆಗೆ ತಮ್ಮನೇ, ಸಾಕು ಬಿಡಕ್ಕಾ, ಇನ್ನು ಮನೆಯಲ್ಲಿ ಆರಾಮಾಗಿರು ಎಂದ. ಅಂದು ಮಧ್ಯಾಹ್ನವೆಲ್ಲ ಅವಳು ತನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದಳು. ತನ್ನ ಕೈಯೇ ತನಗೆ ಕೈಕೊಟ್ಟಿತಲ್ಲ ಎಂದು ನಾಚಿಕೆಯಾಯಿತು.

ತಮ್ಮ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ ಒಂದು ಬೆಳಗ್ಗೆ ಕ್ಷೌರದಂಗಡಿಯವನು ಬಂದ. ಸರದಿ ಕಾಯುವವರಿಗೆಂದು ಅವನ ಅಂಗಡಿಯಲ್ಲೊಂದು ಯಂತ್ರವಿತ್ತು. ಕೌಂಟರಿನಲ್ಲಿ ಯಾರೂ ಕಾಣದೆ ಅವನು ಸೀದಾ ಒಳಗೆ ಬಂದು ಕಾರ್ಟ್ರಿಜ್ಜನ್ನು ಅವಳ ಮುಂದಿಟ್ಟ.

"ಹೋದ ವಾರ ನಿಮ್ಮಲ್ಲೇ ಸರಿಮಾಡ್ಸಿದ್ದು. ಹತ್ತು ನಿಮಿಷ ಆಡಿದ್ರೆ ಮುಖ ಎಲ್ಲಾ ಚೂರುಚೂರು. ಇನ್ನೊಂದು ಆಟ ಹೀಗಾದಾಗ್ಲೂ ತಂದಿದ್ದೆ. ನಿಮ್ಮ ತಮ್ಮ ಒಳಗೆ ಬಿಡ್ಲಿಲ್ಲ. ಅಕ್ಕಂಗೆ ಕೈ ನಡುಗುತ್ತೆ, ಹೇಳಿದ್ರೆ ನೊಂದ್ಕೋತಾಳೆ ಅಂದ."

ಅವಳು ತಿರುಪು ಬಿಚ್ಚಿದಳು. ಅಂಚಿನ ಪಟ್ಟಿಗಳು ತಾನು ಬಿಟ್ಟಂತೆಯೇ ಫಳಫಳ ಎನ್ನುತ್ತಿದ್ದವು. ಆದರೆ ಆಟದ ಚಿತ್ರಗಳನ್ನೆಲ್ಲ ತುಂಬಿಕೊಂಡಿರುವ ದೊಡ್ಡ ಚಿಪ್‌ನ ಜಾಗದಲ್ಲಿ ಹೆಸರು ಕೆರೆದು ಅಳಿಸಿದ ಬೇರೊಂದು ಚಿಪ್ ಕೂತಿತ್ತು. ಬಿಸಿಯಾದೊಡನೆ ತಪ್ಪು ಚಿತ್ರ ತೋರಿಸುವ ಅಗ್ಗದ ನಕಲು. ಅಸಲಿಯನ್ನು ಹಳೆಯ ವಸ್ತು ಕೂಡಿಡುವವರು ಮುಗಿಬಿದ್ದು ಕೊಳ್ಳುತ್ತಾರೆಂದು ಅವಳಿಗೂ ಗೊತ್ತಿತ್ತು. ಭೂತಗನ್ನಡಿ ಹಿಡಿದು ಬೆಸುಗೆ ನೋಡಿದಳು. ಚಿಪ್‌ನ ಪ್ರತಿ ಕಾಲಿನ ಬುಡದಲ್ಲೂ ಎಡಕ್ಕೆ ಎಳೆದ ಸಣ್ಣ ಬಾಲ. ಎಳೀಬೇಡ, ನೇರ ಮೇಲಕ್ಕೆತ್ತು ಎಂದು ಸಾವಿರ ಸಲ ತಿದ್ದಿದರೂ ತಮ್ಮ ಬಿಡದ ಚಾಳಿ ಅದು.

ತುಂಬ ಕೊಳೆಯಿದೆಯಾ ಎಂದು ಕ್ಷೌರದಂಗಡಿಯವನು ಕೇಳಿದ.

"ಇದೆ. ರಬ್ಬರಿಗೆ ಹೋಗೋದಲ್ಲ," ಎಂದಳು.

ತಮ್ಮ ಕೆನ್ನೆ ಊದಿಸಿಕೊಂಡು ಮಧ್ಯಾಹ್ನ ಬಂದ. ಅವಳು ಬೋರ್ಡನ್ನೂ ಭೂತಗನ್ನಡಿಯನ್ನೂ ಅವನ ಮುಂದೆ ಸರಿಸಿದಳು. ಇಂಜೆಕ್ಷನ್‌ನಿಂದ ಮರಗಟ್ಟಿದ ನಾಲಿಗೆಯಲ್ಲಿ ಅವನು ಮೊದಲು ಬೇರೆ ಯಾರೋ ಮಾಡಿರಬೇಕೆಂದ. ಆಮೇಲೆ, ಈ ಡಬ್ಬಿಗಳು ಹೇಗೂ ಗುಜರಿಗೆ ಹೋಗುವಂಥವು, ಅಸಲಿ ಚಿಪ್ ಅದರಲ್ಲಿದ್ದರೆಷ್ಟು ಬಿಟ್ಟರೆಷ್ಟು ಎಂದು ಸಮಜಾಯಿಷಿ ಕೊಟ್ಟ. ಅವಳು ಕೇಳಿದ್ದು ಒಂದೇ ಮಾತು.

"ಕದ್ದದ್ದು ಹಾಗಿರ್ಲಿ. ನನ್ನ ಕೈ ನಡುಗುತ್ತೆ ಅಂತ ಊರಿಗೆಲ್ಲ ಯಾಕೋ ಹೇಳ್ದೆ?"

ಅವನು ಊದಿದ ಕೆನ್ನೆ ಒತ್ತಿಕೊಂಡು, "ಯಾರ ಮೇಲಾದ್ರೂ ಹಾಕ್ಬೇಕಿತ್ತಲ್ಲಕ್ಕಾ. ನೀನಾದ್ರೆ ಕ್ಷಮಿಸ್ತೀಯ ಅಂದ್ಕೊಂಡೆ," ಎಂದ.

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕನ್ನಡಕದ ಅಂಗಡಿಗೆ ಜೊತೆಗೆ ಬಂದು, ಈ ಫ್ರೇಮು ನಿನಗೆ ಒಪ್ಪುತ್ತದೆ ಎಂದು ಆರಿಸಿಕೊಟ್ಟವನು ಇವನೇ. ಕಣ್ಣಿಗೇನೂ ಆಗಿಲ್ಲವೆಂದು ಆಗಲೂ ಇವನಿಗೆ ಗೊತ್ತಿತ್ತು.

ಆ ವಾರವೆಲ್ಲ ಅವಳು ಭೂತಗನ್ನಡಿ ಹಿಡಿದು ಗಿರಾಕಿಗಳ ಮನೆಮನೆ ಹತ್ತಿಳಿದಳು. ಅವರೆದುರೇ ಡಬ್ಬಿ ಬಿಚ್ಚಿ ತೋರಿಸಿ, ಇದು ನನ್ನ ಅಂಗಡಿಯಲ್ಲೇ, ನನ್ನ ಮೂಗಿನ ಕೆಳಗೇ ಆದದ್ದು ಎಂದು ಒಪ್ಪಿಕೊಂಡಳು. ಕೆಲವರು ಅವಳಿಗಾಗಿ ಮರುಗಿದರು. ಇಬ್ಬರು, ಅಕ್ಕತಮ್ಮ ಸೇರಿಯೇ ಮಾಡಿದ್ದಿರಬೇಕೆಂದು ಬಾಗಿಲು ಹಾಕಿಕೊಂಡರು. ಅಂಗಡಿಯನ್ನು ಎಂದೋ ತಮ್ಮನ ಹೆಸರಿಗೆ ಮಾಡಿಕೊಟ್ಟಿದ್ದಳು, ಹಾಗಾಗಿ ತಾನೇ ಹೊರಟಳು. ಕ್ಷೌರದಂಗಡಿಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿದಳು. ಅವಳಿಲ್ಲದ ಅಂಗಡಿ ನಾಲ್ಕು ತಿಂಗಳೂ ನಡೆಯಲಿಲ್ಲ.

ಈಗ ಅವಳು ಕೆಲಸ ಮುಗಿಸಿದ ಪ್ರತಿ ಡಬ್ಬಿಯ ತಿರುಪಿನ ಮೇಲೂ ಒಂದು ಹನಿ ಕೆಂಪು ಉಗುರುಬಣ್ಣ ಹಚ್ಚುತ್ತಾಳೆ. ಗಿರಾಕಿ ಎಷ್ಟೇ ದೂರದಲ್ಲಿದ್ದರೂ ತಾನೇ ಹೋಗಿ ಕೈಗೆ ಕೊಡುತ್ತಾಳೆ. ತಮ್ಮ ಮೊನ್ನೆ ಬಂದಿದ್ದ. ಅವಳು ಕೂರಿಸಿ, ಚಹಾ ಕೊಟ್ಟು, ಅಂದು ಕೀಳಿಸಿದ ಹಲ್ಲಿನ ನೋವು ವಾಸಿಯಾಯಿತೇ ಎಂದು ವಿಚಾರಿಸಿದಳು. ಅವನು ಮೇಜಿನ ಮೇಲಿದ್ದ ಡಬ್ಬಿಯನ್ನು ಎತ್ತಿ, ಇದೇನು ಕೆಂಪು ಎಂದು ಕೇಳಿದ.

"ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗ್ಲಿ ಅಂತ," ಎಂದಳು.

ಅವನು ಡಬ್ಬಿ ಕೆಳಗಿಟ್ಟು, ಉಳಿದ ಚಹಾ ಕುಡಿದು, ಎದ್ದು ಹೋದ.