ಉಳಿದದ್ದು ಚಂದಾದಾರರಿಗೆ

ಸೊರಬದ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರು ಕೊನೆಯ ಗಂಟೆ ಹೊಡೆದರೂ ಪುಸ್ತಕ ಮುಚ್ಚುತ್ತಿರಲಿಲ್ಲ. "ಬಸ್ಸು ಇನ್ನೊಂದು ಬರ್ತದೆ ಕಣ್ರೋ, ಪಾಠ ಅರ್ಧಕ್ಕೆ ಬಿಡಬಾರ್ದು" ಎನ್ನುತ್ತ ಸೀಮೆಸುಣ್ಣದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಚಂದ್ರಗುತ್ತಿಯ ಬಸ್ಸು ತಪ್ಪಿ ನಾನು ಎಷ್ಟೋ ಸಂಜೆ ನಿಲ್ದಾಣದಲ್ಲಿ ಕಾದು ಕೂತಿದ್ದೇನೆ.

ನಿವೃತ್ತರಾದ ಮೇಲೆ ಅವರು ಆನ್‌ಲೈನ್ ಪತ್ರಿಕೆ ಶುರುಮಾಡಿದರು. ವಾರಕ್ಕೊಂದು ಬರಹ ಇಮೇಲಿಗೆ ಬರುತ್ತಿತ್ತು. ಪುಕ್ಕಟೆ ಓದುವ ನಮ್ಮಂಥವರಿಗೆ ಅರ್ಧ ಮಾತ್ರ, ಅದರ ಕೆಳಗೆ, "ಉಳಿದದ್ದು ಚಂದಾದಾರರಿಗೆ."

ಅಪ್ಪ ತೀರಿಕೊಂಡ ವಾರ ಮೇಷ್ಟ್ರು ಅಪ್ಪನ ಬಗ್ಗೆಯೇ ಬರೆದರು. "ಆಸ್ಪತ್ರೆಯಲ್ಲಿ ಅವರು ನನ್ನ ಕೈ ಹಿಡಿದು ಒಂದು ಮಾತು ಹೇಳಿದರು" ಎನ್ನುವಲ್ಲಿಗೆ ನನ್ನ ಪಾಲಿನ ಬರಹ ಮುಗಿದಿತ್ತು. ಫೋನ್ ಮಾಡಿದೆ.

"ಸರ್, ಅಪ್ಪ ಏನಂದ್ರು?"

"ಅದರಲ್ಲೇ ಇದೆ ನೋಡಮ್ಮ. ನಿಂಗೊಬ್ಬಳಿಗೆ ಹೇಳಿದ್ರೆ ಎಲ್ಲರೂ ಕೇಳ್ತಾರೆ. ಚಂದಾ ಕಟ್ಟು, ಹಳೇ ಸಂಚಿಕೆನೂ ಓದಬಹುದು."

ಕಟ್ಟಿದೆ. ಉಳಿದದ್ದು ಒಂದೇ ಸಾಲು. ಅಪ್ಪ ಹೇಳಿದ್ದರಂತೆ: "ನನ್ ಮಗಳು ಪುಣ್ಯ ಮಾಡಿದ್ಲು ಮೇಷ್ಟ್ರೇ. ನೀವು ಯಾವತ್ತೂ ಪಾಠ ಅರ್ಧಕ್ಕೆ ಬಿಟ್ಟೋರಲ್ಲ."